ದಸರಾ ಆದಮೇಲೆ ಖಾಲಿಯಾಗುವ ಕ್ಲಾಸು

ನಾನು ಓದಿದ್ದು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಹನ್ನೆರಡು ವರ್ಷದಿಂದ ಉಡುಪಿಯಲ್ಲಿದ್ದೇನೆ. ಇಲ್ಲಿ ಊರಿನ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ, "ನಿಮ್ಮ ಕಡೆಯವರಿಗೆ ಮಕ್ಕಳನ್ನು ಓದಿಸುವ ಆಸೆ ಕಡಿಮೆ ಅಲ್ವಾ?" ಕೆಟ್ಟ ಮನಸ್ಸಿನಿಂದ ಕೇಳುವುದಲ್ಲ. ಆದರೂ ಸಂಕಟ ಆಗುತ್ತದೆ.

ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ತಾಂಡಾದ ಹುಡುಗಿಯೊಬ್ಬಳು ಕೂರುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು. ದಸರಾ ರಜೆ ಮುಗಿದ ಮೇಲೆ ಬರಲಿಲ್ಲ. ಹತ್ತಿ ಬಿಡಿಸುವ ಕಾಲ ಅದು. ಹತ್ತಿ ಮುಗಿಯುವಷ್ಟರಲ್ಲಿ ಅವರೆಲ್ಲ ಪುಣೆಗೆ ಗುಳೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಒಬ್ಬಳೇ. ಯುಗಾದಿಗೆ ವಾಪಸ್ ಬಂದಾಗ ಪರೀಕ್ಷೆ ಎದುರಿಗಿತ್ತು, ಪಾಠ ಎಲ್ಲ ಮುಗಿದಿತ್ತು. ಮರುವರ್ಷವೂ ಹಾಗೇ ಆಯಿತು. ಅವಳು ಯಾವತ್ತು ಶಾಲೆ ಬಿಟ್ಟಳು ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅಂಥ ಒಂದು ದಿನವೇ ಇರಲಿಲ್ಲ.

2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 88 ಜನ ಓದು ಬರಹ ಬಲ್ಲವರು. ಯಾದಗಿರಿಯಲ್ಲಿ 52 ಕೂಡ ಇಲ್ಲ. ಅಲ್ಲಿನ ಹೆಂಗಸರನ್ನಷ್ಟೇ ಲೆಕ್ಕ ಹಾಕಿದರೆ 41. ಇದು ನಿನ್ನೆ ಮೊನ್ನೆಯ ಅಂತರವಲ್ಲ. ಶಾಲೆಗಳನ್ನು ತೆರೆದ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಆಡಳಿತದ ಭಾಷೆ ಉರ್ದು. ಅಜ್ಜಿಯೂ ಶಾಲೆ ಕಂಡ ಮನೆಯ ಮಗುವಿಗೂ ಮೊದಲ ಸಲ ಶಾಲೆ ಮೆಟ್ಟಿಲು ಹತ್ತಿದ ಮಗುವಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ.

ಸಂವಿಧಾನದ 2012ರ ತಿದ್ದುಪಡಿಯಿಂದ ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿ ಸಿಕ್ಕಿತು. ಪಿಯುಸಿ ಮುಗಿಸಿ ಮೆಡಿಕಲ್, ಇಂಜಿನಿಯರಿಂಗ್ ಸೀಟು ಕೇಳುವ ನಮ್ಮ ಮಕ್ಕಳಿಗೆ ಅದು ದೊಡ್ಡ ಬಲ. ಅದಕ್ಕಾಗಿ ಹೋರಾಡಿದವರಿಗೆ ನಾನು ಋಣಿ. ಆದರೆ ಏಳನೇ ಕ್ಲಾಸಿಗೇ ಹೊಲಕ್ಕೆ ಹೋದವಳು ಆ ಬಾಗಿಲವರೆಗೆ ಬರುವುದಾದರೂ ಹೇಗೆ?

ಗುಳೆ ಹೋಗುವವರ ಮಕ್ಕಳು ಆ ತಿಂಗಳುಗಳಲ್ಲಿ ಊರ ಕಡೆಯೇ ಉಳಿದು ಓದಲಿ ಅಂತ ಸೀಸನಲ್ ಹಾಸ್ಟೆಲ್ ಅನ್ನುವ ಏರ್ಪಾಡು ಸರ್ಕಾರದಲ್ಲೇ ಇದೆ. ಅದು ದಸರಾಕ್ಕೆ ಮುಂಚೆ ತೆರೆಯಬೇಕು, ತಾಂಡಾ ಹತ್ತಿರವೇ ಇರಬೇಕು. ಅಪ್ಪ ಅಮ್ಮ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಳ್ಳುವ ಮೊದಲೇ ಮಗುವಿಗೆ ಒಂದು ಜಾಗ ಇದೆ ಅಂತ ಗೊತ್ತಾಗಬೇಕು.

ಹೋದ ತಿಂಗಳು ನಮ್ಮ ಮನೆ ಹಿಂದಿನ ಕಟ್ಟಡದ ಶೆಡ್‌ನಲ್ಲಿ ಕೊಪ್ಪಳ ಕಡೆಯ ತಾಯಿಯೊಬ್ಬರನ್ನು ಮಾತಾಡಿಸಿದೆ. ಮಗನಿಗೆ ಹತ್ತು ವರ್ಷ. "ಸಾಲಿಗೆ ಹಾಕಬೇಕಂತ ಭಾಳ ಐತ್ರಿ ಅಕ್ಕಾರ. ಟಿಸಿ ಊರಾಗ ಐತಿ. ಈ ಬಿಲ್ಡಿಂಗ್ ಮುಗದ್ರ ಮುಂದ ಎಲ್ಲಿರ್ತೀವೋ," ಅಂದರು. ಆಸೆ ಕಡಿಮೆ ಅಂತ ಹೇಳುವವರು ಆ ಮುಖ ನೋಡಬೇಕಿತ್ತು.

ಟಿಸಿ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಆ ತಾಯಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಿಮ್ಮ ಮನೆ ಹತ್ತಿರವೂ ಅಂಥ ಶೆಡ್ ಇದ್ದರೆ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಅವರ ಜೊತೆ ಹೆಡ್‌ಮಾಸ್ಟರ್ ಹತ್ತಿರ ಹೋಗಿಬನ್ನಿ. ಆ ಹುಡುಗ ಸೋಮವಾರದಿಂದ ಐದನೇ ಕ್ಲಾಸಿಗೆ ಹೋಗುತ್ತಿದ್ದಾನೆ. ಕಟ್ಟಡ ಈಗ ಎರಡನೇ ಮಹಡಿಯಲ್ಲಿದೆ.