ಬೆಳಗಿನ ಆ ಹತ್ತು ನಿಮಿಷ ನಮಗೆ ಬಿಟ್ಟುಕೊಡಿ

ನಾನು ಹನ್ನೊಂದು ವರ್ಷದಿಂದ ಫೋರ್ಕ್‌ಲಿಫ್ಟ್, ಅಂದರೆ ಸರಕು ಎತ್ತಿ ಇಳಿಸುವ ಗಾಡಿ, ಓಡಿಸುತ್ತಿದ್ದೇನೆ. ಮೊದಲು ಪೀಣ್ಯದಲ್ಲಿ, ಈಗ ನೆಲಮಂಗಲದ ಕಡೆ ಒಂದು ಗೋಡೌನಿನಲ್ಲಿ.

ಹಿಂದೆ ಕೆಲಸ ಮಾಡಿದ ಒಂದು ಕಡೆ ದಿನಾ ತುಂಬಬೇಕಾದ ಚೆಕ್‌ಲಿಸ್ಟ್ ಇತ್ತು. ಶನಿವಾರ ಸಂಜೆ ಕೂತು ಇಡೀ ವಾರದ ಟಿಕ್ ಒಟ್ಟಿಗೆ ಹಾಕುತ್ತಿದ್ದೆವು. ಬ್ರೇಕ್ ಸರಿ, ಹಾರ್ನ್ ಸರಿ, ಚೈನ್ ಸರಿ. ತಪ್ಪು ಅಂತ ಗೊತ್ತಿತ್ತು. ಆದರೆ ಆರು ಗಂಟೆಗೆ ಶಿಫ್ಟ್, ಆರಕ್ಕೇ ಡಾಕ್‌ನಲ್ಲಿ ಲಾರಿ. ನೋಡೋಕೆ ಟೈಮೆಲ್ಲಿ?

ಅಲ್ಲೇ ಒಂದು ಬೆಳಗ್ಗೆ ಲಾರಿ ಬರೋದು ತಡವಾಯಿತು. ಬನಿಯನ್ ವೇಸ್ಟ್ ತಗೊಂಡು ಫೋರ್ಕ್, ಅಂದರೆ ಗಾಡಿ ಮುಂದೆ ಸರಕು ಎತ್ತುವ ಕಬ್ಬಿಣದ ತೋಳು, ಒರೆಸುತ್ತಿದ್ದೆ. ಮೇಲಿಂದ ಬಂದು ಮುಂದಕ್ಕೆ ಬಾಗುತ್ತದಲ್ಲ, ಆ ಮೂಲೆಯಲ್ಲಿ ಗ್ರೀಸ್ ಹೋದ ಮೇಲೆ ಕೂದಲೆಳೆಯಂಥ ಗೆರೆ ಕಂಡಿತು. ಗೀರು ಇರಬೇಕು ಅಂದುಕೊಂಡು ಉಗುರು ಆಡಿಸಿದೆ. ಉಗುರು ಸಿಕ್ಕಿಕೊಂಡಿತು. ಬಿರುಕು.

"ಇವತ್ತೊಂದಿನ ಹೆಂಗೋ ಓಡಿಸಪ್ಪಾ, ನಾಳೆ ನೋಡೋಣ" ಅಂದರು ಸೂಪರ್‌ವೈಸರ್. "ಆಗಲ್ಲ ಸರ್" ಅಂತ ಕೀ ತೆಗೆದು ಅವರ ಕೈಗಿಟ್ಟೆ. ಬೈಗುಳ ತಿಂದೆ. ಕೈಯಲ್ಲಿ ಎಳೆಯುವ ಹ್ಯಾಂಡ್ ಪ್ಯಾಲೆಟ್ ಗಾಡಿಯಲ್ಲೇ ಲಾರಿ ಖಾಲಿ ಮಾಡಿದೆವು, ಮಧ್ಯಾಹ್ನ ಆಯಿತು. ಆ ಫೋರ್ಕ್ ಹಿಂದಿನ ದಿನ ಒಂದೂವರೆ ಟನ್ ಎತ್ತಿತ್ತು, ಅದರ ಪಕ್ಕದಲ್ಲೇ ಹುಡುಗರು ಓಡಾಡುತ್ತಿದ್ದರು. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ.

ಬಿರುಕೇ ಬೇಕಂತಿಲ್ಲ, ಸವೆತವೂ ಸಾಕು. 40 ಎಂಎಂ ದಪ್ಪದ ಫೋರ್ಕ್ ನೆಲಕ್ಕೆ ಉಜ್ಜಿ ಉಜ್ಜಿ 36ಕ್ಕೆ ಬಂತು ಅಂದರೆ ಬದಲಾಯಿಸಲೇಬೇಕು. ದಪ್ಪ ಶೇ. 10 ಹೋದರೆ ಎತ್ತುವ ಶಕ್ತಿ ಹತ್ತಿರ ಹತ್ತಿರ ಶೇ. 20 ಹೋಗುತ್ತದೆ. ಕಣ್ಣಿಗೆ ಗೊತ್ತೇ ಆಗಲ್ಲ, ಅಳೆಯಬೇಕು.

ಈಗ ನಾನು ಕೀ ಜೇಬಲ್ಲಿಟ್ಟುಕೊಂಡೇ ಗಾಡಿ ಸುತ್ತ ಒಂದು ಸುತ್ತು ಬರುತ್ತೇನೆ. ಮೊದಲು ನೆಲ. ರಾತ್ರಿ ನಿಂತ ಜಾಗದಲ್ಲಿ ಎಣ್ಣೆ ಬಿದ್ದಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಆಮೇಲೆ ಟೈರು, ನಟ್ಟು, ಫೋರ್ಕ್ ಎತ್ತುವ ಎರಡೂ ಚೈನ್ ಒಂದೇ ಸಮ ಬಿಗಿ ಇದೆಯಾ ಅಂತ. ಹತ್ತಿ ಕೂತ ಮೇಲೆ ಬೆಲ್ಟ್, ಹಾರ್ನ್, ರಿವರ್ಸ್ ಅಲಾರಂ, ಹ್ಯಾಂಡ್ ಬ್ರೇಕ್. ಮಾಸ್ಟ್, ಅಂದರೆ ಫೋರ್ಕ್ ಮೇಲೆ ಕೆಳಗೆ ಓಡಾಡುವ ಮುಂದಿನ ಕಂಬ, ಖಾಲಿಯಲ್ಲೇ ಒಮ್ಮೆ ಪೂರ್ತಿ ಎತ್ತಿ ಇಳಿಸುತ್ತೇನೆ. ನಾಲ್ಕು ಮಾರು ಓಡಿಸಿ ಬ್ರೇಕ್ ಒತ್ತುತ್ತೇನೆ. ಮೂರು ಟನ್ ಎತ್ತುವ ಗಾಡಿ ತಾನೇ ನಾಲ್ಕು ಟನ್‌ಗಿಂತ ಜಾಸ್ತಿ ತೂಗುತ್ತದೆ, ಬ್ರೇಕ್ ಇರೋದು ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಮಾತ್ರ. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗನೊಬ್ಬ "ಅಣ್ಣಾ, ಇಲ್ಲಿ ಎಣ್ಣೆ ಜಿನುಗ್ತಿದೆ" ಅಂತ ಓಡುತ್ತಿದ್ದ ಗಾಡಿಯ ಹೋಸ್, ಅಂದರೆ ಎಣ್ಣೆ ಪೈಪು, ಸವರೋಕೆ ಹೋದ. ಗಬಕ್ಕನೆ ಕೈ ಹಿಡಿದು ಎಳೆದೆ. ಸೂಜಿಮೊನೆಯಷ್ಟು ತೂತು ಇದ್ದರೂ ಹೋಸ್ ಒಳಗಿನ ಭಾರಿ ಒತ್ತಡಕ್ಕೆ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿಯಷ್ಟು ಗಾಯ, ಒಳಗೆ ಮಾಂಸವೇ ಕೊಳೆಯಬಹುದು, ಬೆರಳೇ ಹೋಗಬಹುದು. ಸೋರಿಕೆ ಹುಡುಕೋಕೆ ರಟ್ಟಿನ ತುಂಡು ಹಿಡಿಯಬೇಕು. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನನಗೂ ಮೊದಲ ಮೂರು ವರ್ಷ ಯಾರೂ ಹೇಳಿರಲಿಲ್ಲ.

ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡುವ ಓಶಾ ಸಂಸ್ಥೆಯ ನಿಯಮದಲ್ಲಿ ದಿನಾ ಪರೀಕ್ಷೆ ಮಾಡದೆ ಗಾಡಿ ಕೆಲಸಕ್ಕೆ ಇಳಿಸುವ ಹಾಗಿಲ್ಲ. ಹಗಲು ರಾತ್ರಿ ಓಡುವ ಗಾಡಿಯಾದರೆ ಪ್ರತಿ ಶಿಫ್ಟ್ ಮುಗಿದ ಮೇಲೂ ನೋಡಬೇಕು. ನಮ್ಮಲ್ಲೂ ಮೂರು ಶಿಫ್ಟ್ ಓಡುವ ಗಾಡಿಗಳು ಎಷ್ಟಿಲ್ಲ ಹೇಳಿ? ರಾತ್ರಿಯವನು ಇಳಿಯುತ್ತಿದ್ದ ಹಾಗೇ ಬೆಳಗಿನವನು ಹತ್ತುತ್ತಾನೆ. ಸೀಟು ಬಿಸಿ ಇರುತ್ತದೆ, ಗಾಡಿ ಯಾರೂ ನೋಡಿರಲ್ಲ.

ದಾಬಸ್‌ಪೇಟೆ, ಹೊಸಕೋಟೆ, ನೆಲಮಂಗಲದ ಕಡೆ ಗೋಡೌನ್ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಆ ಹತ್ತು ನಿಮಿಷವನ್ನು ಶಿಫ್ಟಿನ ಒಳಗೇ ಸೇರಿಸಿ. "ಬೇಗ ಬಂದು ಮಾಡ್ಕೋ" ಅಂದರೆ ಯಾರೂ ಮಾಡಲ್ಲ. ಆಪರೇಟರ್ ಕೀ ತಂದು ನಿಮ್ಮ ಟೇಬಲ್ ಮೇಲಿಟ್ಟರೆ ಬೈಯುವ ಮುಂಚೆ ಎದ್ದು ಬಂದು ಗಾಡಿ ನೋಡಿ. ಲಾರಿಯವರ ಹತ್ತಿರ ನೀವೇ ಮಾತಾಡಿ, ಅವರ ಒತ್ತಡ ನಮ್ಮ ತಲೆಗೆ ಕಟ್ಟಬೇಡಿ.