ಭಾವನ ಕೇಸಿನ ನಕಲು

ಬದಿಯಡ್ಕದ ಆಚೆ, ಅಡಿಕೆ ತೋಟದ ಬೇಲಿಯ ಜಗಳದಲ್ಲಿ ನೆರೆಯವರ ಕೆನ್ನೆಗೆ ನಮ್ಮ ಭಾವನ ಕೈ ತಗಲಿತೋ ಇಲ್ಲವೋ ಎಂಬುದು ಈಗಲೂ ತಕರಾರಿನಲ್ಲಿದೆ. ಮ್ಯಾಜಿಸ್ಟ್ರೇಟರು ತಗಲಿತು ಎಂದರು. ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಲು 30 ದಿನಗಳ ಅವಧಿ.

ಜೈಲುಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡುತ್ತಾರೆ. ಭಾವನಿಗೆ ಅದು ಬೇಡ. "ನನ್ನನ್ನು ಬೈದದ್ದನ್ನು ನಾನೇ ಓದಬೇಕೇ?" ಅವರಿಗೆ ಬೇಕಾದದ್ದು ಸಾಕ್ಷಿಗಳ ಹೇಳಿಕೆ. ಅದಕ್ಕೆ ನಕಲು ಕೇಳುವ ಅರ್ಜಿ, ಸ್ಟಾಂಪು, ಆಮೇಲೆ ನಕಲು ತಯಾರಾಯಿತೇ ಎಂದು ನೋಟಿಸ್ ಬೋರ್ಡಿನ ಮುಂದೆ ನಿಲ್ಲುವ ತಾಳ್ಮೆ. 1963ರ ಕಾಲಮಿತಿ ಕಾಯ್ದೆ ತೀರ್ಪಿನ ನಕಲಿಗೆ ಹಿಡಿದ ದಿನಗಳನ್ನು ಅವಧಿಯಿಂದ ಕಳೆಯುತ್ತದೆ. ಸಾಕ್ಷಿ ಹೇಳಿಕೆಗೆ ಕಾದ ದಿನಗಳು ನಮ್ಮದೇ ಖರ್ಚು. ವಕೀಲರು ಅಪೀಲನ್ನು ಮೊದಲೇ ಸಲ್ಲಿಸಿಬಿಟ್ಟರು. ಭಾವ ಮಾತ್ರ ಬೋರ್ಡು ಬಿಟ್ಟು ಕದಲಲಿಲ್ಲ. ಊರಿನಲ್ಲಿ ಯಾರ ಮೇಲೆ ಯಾವ ಕೇಸಿದೆ ಎಂಬುದು ಈಗ ಅವರಿಗೆ ಬಾಯಿಪಾಠ.

ಈ ಹಟಕ್ಕೆ ಕಾರಣವಿತ್ತು. ಒಂದನೇ ಸಾಕ್ಷಿಯನ್ನು ನಮ್ಮ ವಕೀಲರು ಪಾಟೀಸವಾಲಿನಲ್ಲಿ ಬೆವರಿಳಿಸಿದ್ದನ್ನು ಭಾವ ಮನೆಯಲ್ಲಿ ವರ್ಣಿಸಿದ್ದರು. ಅಕ್ಕ ನಂಬಿರಲಿಲ್ಲ. ದಾಖಲೆ ತಂದು ತೋರಿಸುತ್ತೇನೆಂದು ಪಂಥ.

ಮೊಹರು ಬಿದ್ದ ನಕಲು ಕೊನೆಗೂ ಕೈಸೇರಿತು. ಗರ್ಜನೆ ಎಲ್ಲಿದೆ ಎಂದು ಭಾವ ಹುಡುಕಿದರು. ಸಿಕ್ಕಿದ್ದು ಇಷ್ಟು: "ನಾನು ಕನ್ನಡಕ ಧರಿಸುತ್ತೇನೆ. ಆ ದಿನ ಧರಿಸಿರಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂಬುದು ಸರಿಯಲ್ಲ."

ನಮ್ಮ ಕೋರ್ಟುಗಳಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯಾಗಿ ಬರೆದುಕೊಳ್ಳುತ್ತಾರೆ. ಪ್ರಶ್ನೆ ಕರಗಿ ಉತ್ತರ ಮಾತ್ರ ಉಳಿಯುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಮಾತು ಬಿಟ್ಟು ಬರೀ ಪದ್ಯ ಅಚ್ಚು ಹಾಕಿದ ಹಾಗೆ. ವಕೀಲರು ಮೇಜು ಕುಟ್ಟಿದ್ದಾಗಲಿ, ಸಾಕ್ಷಿ ನೀರು ಕೇಳಿದ್ದಾಗಲಿ ಎಲ್ಲಿಯೂ ಇಲ್ಲ. ಪುಟಕ್ಕಿಷ್ಟೆಂದು ಹಣ ಕೊಟ್ಟ ಭಾವ ಕಾಗದವನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿದ್ದದ್ದು ಅರ್ಜಿ ಕೊಟ್ಟ ದಿನ, ಸ್ಟಾಂಪು ಕೇಳಿದ ದಿನ, ನಕಲು ತಯಾರಾದ ದಿನ.

ವಕೀಲರಿಗೋ ಕನ್ನಡಕದ ಸಾಲೇ ಸಾಕಾಗಿತ್ತು. "ಇದೊಂದರ ಮೇಲೆ ಅಪೀಲಿನಲ್ಲಿ ಅರ್ಧ ಗಂಟೆ ವಾದಿಸಬಹುದು."

"ಆ ವಾದವನ್ನಾದರೂ ಪೂರ್ತಿ ಬರೆದುಕೊಳ್ಳುತ್ತಾರೆಯೇ?"

"ಇಲ್ಲ."

"ಹಾಗಾದರೆ ಆ ದಿನ ನನ್ನ ಹೆಂಡತಿಯನ್ನೇ ಕರೆದುಕೊಂಡು ಬರುತ್ತೇನೆ" ಎಂದರು ಭಾವ. "ಸ್ವಲ್ಪ ಗಟ್ಟಿಯಾಗಿ ವಾದಿಸಿ, ಅವಳು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ."