“ಬಿಟ್ಟು ಹೋಗಬಹುದಿತ್ತಲ್ಲ” ಅಂತೆ!

ನಿನ್ನೆ ಇಂಗ್ಲೆಂಡಿನ ಡರ್‌ಹ್ಯಾಮ್ ಕಡೆ ಹಳೇ ಕಲ್ಲಿದ್ದಲು ಗಣಿಯೊಂದನ್ನು ನೋಡಲು ಹೋಗಿದ್ದೆವು. ಈಗ ಅದು ಮ್ಯೂಸಿಯಂ. ಹೆಲ್ಮೆಟ್ ಕೊಟ್ಟು ಒಳಗೆ ಕರೆದುಕೊಂಡು ಹೋಗುತ್ತಾರೆ. ಬಗ್ಗಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. (ನನ್ನ ಸೊಂಟದ ಕಥೆ ನಿಮಗೆಲ್ಲ ಗೊತ್ತಲ್ಲ, ಬಿಡಿ.) ಗೈಡ್ ಒಂದು ನಿಮಿಷ ದೀಪ ಆರಿಸಿದರು. ಮೂಗಿನ ಮುಂದೆ ಹಿಡಿದ ಕೈ ಕಾಣಲಿಲ್ಲ. ಏಳೆಂಟು ವರ್ಷದ ಮಕ್ಕಳು ಇಂಥ ಕತ್ತಲಲ್ಲಿ ದಿನಕ್ಕೆ 12 ಗಂಟೆ ಕೂತು, ಬಂಡಿ ಬಂದಾಗಲೆಲ್ಲ ಬಾಗಿಲು ಎಳೆಯುತ್ತಿದ್ದರು. 1842ರಲ್ಲಿ ಕಾನೂನು ಬಂತು. ಆಮೇಲೆ ಹತ್ತು ತುಂಬಿದ ಹುಡುಗರನ್ನಷ್ಟೇ ಇಳಿಸಬಹುದು. ದೊಡ್ಡ ಉಪಕಾರ!

ಹೊರಗೆ ಬಂದು ಟೀ ಕುಡಿಯುವಾಗ ಇಲ್ಲಿನ ಗಣಿ ಕಾರ್ಮಿಕರ 1844ರ ಮುಷ್ಕರದ ಮಾತು ಬಂತು. ಜೊತೆಗಿದ್ದ ನಮ್ಮೂರ ಕಡೆಯವರೊಬ್ಬರು ಅಂದರು: “ಅಷ್ಟು ಕಷ್ಟ ಅಂದ್ರೆ ಸ್ಟ್ರೈಕ್ ಯಾಕೆ? ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದಿತ್ತಲ್ಲ?”

ಹಿರಿಯರು ಅಂತ ಸುಮ್ಮನಿದ್ದೆ. ಆ ಸಿಟ್ಟು ಈಗ ನಿಮ್ಮ ತಲೆ ಮೇಲೆ.

ಎಲ್ಲಿಗೆ ಹೋಗೋದು ಸ್ವಾಮಿ? ಇಲ್ಲಿ ‘ಬಾಂಡ್’ ಅಂತ ಒಂದಿತ್ತು. ವರ್ಷಕ್ಕೊಮ್ಮೆ ಗಣಿ ಮಾಲೀಕನಿಗೆ ಬರೆದುಕೊಡುವ ಕರಾರು. ಓದು ಬಾರದವರು ಗುಣಾಕಾರದ ಗುರುತು ಹಾಕಿದರೆ ಆಯ್ತು. ನಡುವೆ ಬಿಟ್ಟು ಹೋದರೆ ಜೈಲು. ಕಲ್ಲಿದ್ದಲು ತುಂಬಿ ಕಳಿಸುವ ತೊಟ್ಟಿಯಲ್ಲಿ ಕಲ್ಲು ಜಾಸ್ತಿ ಬಂತು ಅಂದರೆ ಆ ತೊಟ್ಟಿಯ ಕೂಲಿ ಇಲ್ಲ. ಹಾಗಂತ ತೀರ್ಮಾನ ಮಾಡೋನು ಮಾಲೀಕನ ಮನುಷ್ಯ.

1844ರ ಏಪ್ರಿಲ್ 5ಕ್ಕೆ ಬಾಂಡ್ ಮುಗಿದಾಗ 30 ಸಾವಿರಕ್ಕೂ ಜಾಸ್ತಿ ಜನ ಕೆಲಸಕ್ಕೆ ಇಳಿಯಲಿಲ್ಲ. ಕೇಳಿದ್ದಾದರೂ ಏನು? ಸರಿಯಾದ ತಕ್ಕಡಿಯಲ್ಲಿ ತೂಗಿ ಕೂಲಿ ಕೊಡಿ. ದಂಡ ಹಾಕಬೇಡಿ. ವಾರಕ್ಕೆ ನಾಲ್ಕು ದಿನವಾದರೂ ಕೆಲಸ ಕೊಡಿ. ಬಾಂಡ್ ಆರು ತಿಂಗಳಿಗೆ ಸಾಕು. ಗಮನಿಸಿ, ಬಾಂಡೇ ಬೇಡ ಅನ್ನಲಿಲ್ಲ!

“ಮನೆ ಫ್ರೀ, ಒಲೆಗೆ ಕಲ್ಲಿದ್ದಲೂ ಫ್ರೀ ಇತ್ತಂತೆ” ಅಂದರು ಅವರು. ಇತ್ತು. ಹೊಲದ ಕೂಲಿಯವರಿಗಿಂತ ದುಡ್ಡೂ ಜಾಸ್ತಿ ಸಿಗುತ್ತಿತ್ತು, ಒಪ್ಪಿದೆ. ಆದರೆ ಆ ಮನೆ ಯಾರದ್ದು? ಮುಷ್ಕರ ಶುರುವಾದ ಮೇಲೆ ಮಂಚ, ಪಾತ್ರೆ, ಮುದುಕರು, ಬಾಣಂತಿಯರು ಎಲ್ಲ ಬೀದಿಗೆ. ಬೇಲಿ ಪಕ್ಕ ಮಂಚ ನಿಲ್ಲಿಸಿ, ಮೇಲೆ ಕಂಬಳಿ ಕಟ್ಟಿ ಮಲಗಿದರು. ಲಾರ್ಡ್ ಲಂಡನ್‌ಡೆರಿ ಅಂತ ಒಬ್ಬ ಪುಣ್ಯಾತ್ಮ ಗಣಿ ಮಾಲೀಕ. ಐರ್ಲೆಂಡಿನ ತನ್ನ ಜಮೀನಿನಿಂದ ಆಳುಗಳನ್ನು ತರಿಸಿದ. ಸಾಲದ್ದಕ್ಕೆ, ಮುಷ್ಕರದವರಿಗೆ ಸಾಲ ಕೊಟ್ಟರೆ ನೋಡ್ಕೋತೀನಿ ಅಂತ ಸೀಹ್ಯಾಮ್ ಊರಿನ ಅಂಗಡಿಯವರಿಗೆ ಪತ್ರ ಬರೆದ. ಮನೆ ಅವನದು, ಕೆಲಸ ಅವನದು, ಈಗ ಹಿಟ್ಟಿನ ಅಂಗಡಿಗೂ ಬೀಗ. ನಾಲ್ಕು ತಿಂಗಳು ತಡೆದು, ಸೋತು, ವಾಪಸ್ ಇಳಿದರು. ವರ್ಷದ ಬಾಂಡ್ ಹೋಗಿದ್ದು 1872ರಲ್ಲಿ.

ಆ ಮುಷ್ಕರಕ್ಕೂ ಮುಂಚೆ ಟಾಮಿ ಹೆಪ್‌ಬರ್ನ್ ಅಂತ ಗಣಿ ಕಾರ್ಮಿಕರ ಸಂಘದ ಒಬ್ಬ ನಾಯಕ. 1831ರಲ್ಲಿ ಹುಡುಗರ ಕೆಲಸ 12 ಗಂಟೆಗೆ ಇಳಿಸಿಕೊಟ್ಟವನು. ಮರುವರ್ಷ ಸಂಘ ಸೋತಿತು, ಯಾವ ಗಣಿಯೂ ಅವನನ್ನು ಸೇರಿಸಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಟೀಪುಡಿ ಮಾರಿದ. ಕೊಳ್ಳೋಕೂ ಜನ ಹೆದರಿದರು. ಕೊನೆಗೆ ಸಂಘದ ಸಹವಾಸ ಬೇಡ ಅಂತ ಮಾತು ಕೊಟ್ಟು ಕೆಲಸ ಗಿಟ್ಟಿಸಿಕೊಂಡ. “ಬಿಟ್ಟು ಹೋದವನ” ಕಥೆ ಇದು.

ನನಗ್ಯಾಕೆ ಇಷ್ಟು ಉರಿ? ಹೇಳಿಬಿಡ್ತೀನಿ. ಬೆಂಗಳೂರಲ್ಲಿ ನನ್ನ ಮೊದಲ ಕೆಲಸಕ್ಕೂ ಎರಡು ವರ್ಷದ ಬಾಂಡ್ ಇತ್ತು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಬೀರುವಿನಲ್ಲಿ. ಗಣಿ ಕಷ್ಟಕ್ಕೆ ಹೋಲಿಸುತ್ತಿಲ್ಲ, ಎಸಿ ರೂಮಲ್ಲಿ ಕೂತಿದ್ದೆ. ಆದರೂ ಓವರ್‌ಟೈಮ್ ಕೇಳೋಣ ಅಂತ ಆರು ಜನ ಮ್ಯಾನೇಜರ್ ರೂಮಿಗೆ ಹೊರಟಾಗ ನಾನು ನೀರು ಕುಡಿಯುವ ನೆಪ ಮಾಡಿ ಪ್ಯಾಂಟ್ರಿಯಲ್ಲೇ ನಿಂತುಬಿಟ್ಟೆ. ಒಳಗಿಂದ ಅವರ ದನಿ ಕೇಳುತ್ತಿತ್ತು. ಮೂರು ಲೋಟ ನೀರು ಕುಡಿದೆ.